ಅಪರಿಚಿತರ ಬೈಟುಗಳನ್ನು ಓದುವ ಪ್ರೋಗ್ರಾಂ: ವೈರ್‌ಶಾರ್ಕ್‌ನ ಸಿ ಕೋಡ್ ಶುಚಿಯಾದ ಬಗೆ

ಬಿಳಿಯ ಬೆಳಕನ್ನು ಗಾಜಿನ ಅಶ್ರಗದ ಮೂಲಕ ಹಾಯಿಸಿದರೆ ಅದರಲ್ಲಿ ಬೆರೆತಿರುವ ಬಣ್ಣಗಳು ಬೇರ್ಪಟ್ಟು ಕಾಣುತ್ತವೆ ಎಂಬುದು ನಿಮಗೆ ಗೊತ್ತು. ಗಣಕ ಜಾಲದಲ್ಲಿ ಹರಿಯುವ ದತ್ತಾಂಶವನ್ನು ಬಿಡಿಸಿ ತೋರಿಸಲು ಅಂಥದೇ ಒಂದು ಉಪಕರಣವಿದೆ. ಅದಕ್ಕೆ ಪ್ಯಾಕೆಟ್ ವಿಶ್ಲೇಷಕ ಎಂದು ಹೆಸರು. ನೀವು ಒಂದು ಜಾಲತಾಣವನ್ನು ತೆರೆದಾಗ ನಿಮ್ಮ ಗಣಕ ಕಳುಹಿಸುವ ಮತ್ತು ಪಡೆಯುವ ಪ್ರತಿಯೊಂದು ಪ್ಯಾಕೆಟ್ಟನ್ನೂ ಅದು ಹಿಡಿದಿಡುತ್ತದೆ. ಬಳಿಕ ಇದು ಕಳುಹಿಸಿದವರ ವಿಳಾಸ, ಇದು ತಲುಪಬೇಕಾದ ವಿಳಾಸ, ಇದು ಕೇಳಿದ ಪ್ರಶ್ನೆ, ಇದು ಬಂದ ಉತ್ತರ ಎಂದು ಪದರ ಪದರವಾಗಿ ಬಿಡಿಸಿ ತೋರಿಸುತ್ತದೆ. ಜಾಲ ತಂತ್ರಜ್ಞಾನವನ್ನು ಕಲಿಸುವ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಇಂದು ಹೆಚ್ಚಾಗಿ ಕಾಣಸಿಗುವ ಇಂಥ ತಂತ್ರಾಂಶ ವೈರ್‌ಶಾರ್ಕ್. ಇದು ಮುಕ್ತ ತಂತ್ರಾಂಶ. ಬಹುಪಾಲು ಸಿ ಭಾಷೆಯಲ್ಲಿದೆ. ಇದರ ಆಕರ ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು.

ಆದರೆ ಅಶ್ರಗಕ್ಕೂ ಈ ತಂತ್ರಾಂಶಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಯಾವ ಬೆಳಕು ಹಾಯ್ದರೂ ಅಶ್ರಗ ಒಡೆಯುವುದಿಲ್ಲ. ಪ್ಯಾಕೆಟ್ ವಿಶ್ಲೇಷಕ ಹಾಗಲ್ಲ. ಕೆಟ್ಟ ಪ್ಯಾಕೆಟ್ ಒಂದು ಅದನ್ನು ಕೆಡವಬಲ್ಲದು. ಅದಕ್ಕಿಂತ ಹೆಚ್ಚಾಗಿ, ಅದು ಓಡುತ್ತಿರುವ ಗಣಕವನ್ನೇ ಬೇರೆಯವರ ವಶಕ್ಕೆ ಒಪ್ಪಿಸಬಲ್ಲದು. ಇದು ಊಹೆಯ ಮಾತಲ್ಲ. 2004ರ ಮಾರ್ಚ್ ತಿಂಗಳಲ್ಲಿ ವಿಟಿ ಎಂಬ ಹುಳು ಅಂತರಜಾಲದಲ್ಲಿ ಹರಡಿತು. ಇಂಟರ್‌ನೆಟ್ ಸೆಕ್ಯುರಿಟಿ ಸಿಸ್ಟಮ್ಸ್ ಎಂಬ ಸಂಸ್ಥೆಯ ರಕ್ಷಣಾ ತಂತ್ರಾಂಶಗಳಲ್ಲಿ ಐಸಿಕ್ಯೂ ಎಂಬ ಸಂದೇಶ ಪ್ರೋಟೊಕಾಲನ್ನು ಬಿಡಿಸಿ ಓದುವ ಭಾಗವೊಂದಿತ್ತು. ಅಲ್ಲಿ ಗೊತ್ತಾದ ಅಳತೆಯ ಜಾಗಕ್ಕೆ ಅದಕ್ಕಿಂತ ದೊಡ್ಡ ದತ್ತಾಂಶವನ್ನು ನಕಲು ಮಾಡುವ ದೋಷವಿತ್ತು. ಒಂದೇ ಒಂದು ಯುಡಿಪಿ ಪ್ಯಾಕೆಟ್ ಸಾಕಾಯಿತು. ಸುಮಾರು 12,000 ಗಣಕಗಳು ಸೋಂಕಿಗೆ ಒಳಗಾದವು. ಹುಳು ಅವುಗಳ ಡಿಸ್ಕ್‌ನ ಮೇಲೆ ಎಲ್ಲೆಂದರಲ್ಲಿ ಬರೆಯುತ್ತಾ ಹೋಗಿ ಮಾಹಿತಿಯನ್ನು ಹಾಳುಮಾಡಿತು. ಪ್ಯಾಕೆಟ್ಟುಗಳ ಮೇಲೆ ಕಣ್ಣಿಡಲು ಕೂರಿಸಿದ್ದ ಕಾವಲುಗಾರನೇ ಬಾಗಿಲಾದ ಪ್ರಸಂಗ ಇದು.

ಇಂಥ ಪ್ರೋಗ್ರಾಮಿನಲ್ಲಿ ಹಳೆಯ ಕೋಡನ್ನು ಶುಚಿಗೊಳಿಸುವುದು ಎಂದರೆ ಏನು? ಸಾಲುಗಳನ್ನು ಅಂದವಾಗಿ ಜೋಡಿಸುವುದಷ್ಟೇ ಅಲ್ಲ. ಪ್ರತಿಯೊಬ್ಬ ಲೇಖಕನೂ ನೆನಪಿಟ್ಟು ಮಾಡಬೇಕಾದ ತಪಾಸಣೆಯನ್ನು, ಮರೆಯಲು ಸಾಧ್ಯವಿಲ್ಲದ ಒಂದೇ ಜಾಗಕ್ಕೆ ತರುವುದೇ ನಿಜವಾದ ಶುಚಿ. ವೈರ್‌ಶಾರ್ಕ್‌ನ ಉದಾಹರಣೆಯಿಂದ ಇದನ್ನು ತಿಳಿಯೋಣ.

ಪ್ಯಾಕೆಟ್ಟನ್ನು ಬಿಡಿಸುವ ಕ್ರಮ

ಅಮೆರಿಕದ ಕ್ಯಾನ್ಸಸ್ ಸಿಟಿಯ ಜೆರಾಲ್ಡ್ ಕೂಂಬ್ಸ್ 1997ರ ಕೊನೆಯಲ್ಲಿ ಈ ತಂತ್ರಾಂಶವನ್ನು ಬರೆಯತೊಡಗಿ 1998ರ ಜುಲೈನಲ್ಲಿ ಈಥೀರಿಯಲ್ ಎಂಬ ಹೆಸರಿನಲ್ಲಿ ಬಿಡುಗಡೆ ಮಾಡಿದರು. ಅವರು ಕೆಲಸ ಬದಲಾಯಿಸಿದಾಗ ಹಳೆಯ ಹೆಸರಿನ ಹಕ್ಕು ಅವರೊಂದಿಗೆ ಬರಲಿಲ್ಲವಾದ್ದರಿಂದ 2006ರಲ್ಲಿ ಅದು ವೈರ್‌ಶಾರ್ಕ್ ಆಯಿತು. ಪ್ರಪಂಚದ ನಾನಾ ಕಡೆಯವರು ತಮಗೆ ಬೇಕಾದ ಪ್ರೋಟೊಕಾಲ್‌ಗಳನ್ನು ಸೇರಿಸುತ್ತಾ ಬಂದರು. ಒಂದೊಂದು ಪ್ರೋಟೊಕಾಲನ್ನು ಬಿಡಿಸುವ ಭಾಗಕ್ಕೆ ಡಿಸೆಕ್ಟರ್ ಎನ್ನುತ್ತಾರೆ. ಜೀವವಿಜ್ಞಾನದ ತರಗತಿಯಲ್ಲಿ ಜೀವಿಯನ್ನು ಸೀಳಿ ಒಳಗಿನ ಅಂಗಗಳನ್ನು ಗುರುತಿಸುತ್ತೇವಲ್ಲ, ಅದೇ ಅರ್ಥದ ಪದ. ಇಂದು ಇಂಥ ಡಿಸೆಕ್ಟರ್ ಕಡತಗಳು ಸಾವಿರಕ್ಕೂ ಹೆಚ್ಚಿವೆ. ಅವುಗಳನ್ನು ಬರೆದವರಲ್ಲಿ ನುರಿತವರಿದ್ದಾರೆ, ಆಗಷ್ಟೇ ಸಿ ಕಲಿತ ವಿದ್ಯಾರ್ಥಿಗಳೂ ಇದ್ದಾರೆ.

ಡಿಸೆಕ್ಟರ್‌ನ ಕೆಲಸವನ್ನು ಸರಳ ಉದಾಹರಣೆಯಿಂದ ನೋಡೋಣ. ಈಥರ್‌ನೆಟ್ ಪ್ಯಾಕೆಟ್ಟಿನ ಮೊದಲ 6 ಬೈಟುಗಳು ಪಡೆಯುವವನ ವಿಳಾಸ, ಮುಂದಿನ 6 ಬೈಟುಗಳು ಕಳುಹಿಸಿದವನ ವಿಳಾಸ. ಆಮೇಲಿನ 2 ಬೈಟುಗಳು ಒಳಗೆ ಯಾವ ಪ್ರೋಟೊಕಾಲ್ ಇದೆ ಎಂದು ಹೇಳುತ್ತವೆ; ಆ ಸಂಖ್ಯೆ 2048 ಆಗಿದ್ದರೆ ಒಳಗಿರುವುದು ಐಪಿಯ ನಾಲ್ಕನೇ ಆವೃತ್ತಿ. ಐಪಿ ಶೀರ್ಷಿಕೆ ಕನಿಷ್ಠ 20 ಬೈಟುಗಳದ್ದು. ಅದರಲ್ಲಿನ ಒಂದು ಬೈಟು 17 ಎಂದು ಹೇಳಿದರೆ ಅದರೊಳಗೆ ಯುಡಿಪಿ ಇದೆ. ಯುಡಿಪಿ ಶೀರ್ಷಿಕೆ 8 ಬೈಟುಗಳದ್ದು: ಎರಡು ಪೋರ್ಟ್ ಸಂಖ್ಯೆ, ಒಂದು ಉದ್ದ, ಒಂದು ತಾಳೆ ಮೊತ್ತ. ಪೋರ್ಟ್ ಸಂಖ್ಯೆ 53 ಆಗಿದ್ದರೆ ಅದರೊಳಗಿರುವುದು ಡಿಎನ್‌ಎಸ್, ಅಂದರೆ ಜಾಲತಾಣದ ಹೆಸರನ್ನು ವಿಳಾಸಕ್ಕೆ ಬದಲಿಸುವ ಸೇವೆ. ಪ್ರತಿಯೊಂದು ಡಿಸೆಕ್ಟರ್ ತನ್ನ ಪದರವನ್ನು ಓದಿ ಉಳಿದುದನ್ನು ಮುಂದಿನ ಡಿಸೆಕ್ಟರ್‌ಗೆ ಒಪ್ಪಿಸುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಎಷ್ಟು ಬೈಟು ಓದಬೇಕು, ಎಲ್ಲಿಗೆ ನೆಗೆಯಬೇಕು, ಎಷ್ಟು ಬಾರಿ ಮರಳಿ ಮಾಡಬೇಕು ಎಂಬುದನ್ನೆಲ್ಲ ಆ ಪ್ಯಾಕೆಟ್ಟೇ ಹೇಳುತ್ತದೆ. ಆ ಪ್ಯಾಕೆಟ್ಟನ್ನು ಬರೆದವನು ಯಾರೋ ಅಪರಿಚಿತ. ಅವನ ಮಾತನ್ನು ಕೇಳಬೇಕು, ಆದರೆ ನಂಬಬಾರದು.

ನಂಬಿದರೆ ಆಗುವ ತಪ್ಪುಗಳು

ಮೊದಲನೆಯದು, ಇಲ್ಲದ ಬೈಟನ್ನು ಓದುವುದು. ಈಥೀರಿಯಲ್‌ನ ಆರಂಭದ ದಿನಗಳಲ್ಲಿ ಡಿಸೆಕ್ಟರ್‌ಗೆ ಪ್ಯಾಕೆಟ್ಟಿನ ಮೊದಲ ಬೈಟಿನ ವಿಳಾಸವನ್ನು ಮಾತ್ರ, ಅಂದರೆ ಬರಿಯ ಪಾಯಿಂಟರ್ ಒಂದನ್ನು, ಕೊಡಲಾಗುತ್ತಿತ್ತು. ಎಷ್ಟನೇ ಬೈಟಿನಿಂದ ಓದಬೇಕು ಎಂಬ ಸಂಖ್ಯೆ ಜೊತೆಗಿರುತ್ತಿತ್ತು. ಸಿ ಭಾಷೆಯ ಪಾಯಿಂಟರ್‌ಗೆ ತನ್ನ ಪ್ರದೇಶ ಎಲ್ಲಿ ಮುಗಿಯುತ್ತದೆ ಎಂಬ ಅರಿವಿಲ್ಲ. ಪ್ಯಾಕೆಟ್ 60 ಬೈಟುಗಳದ್ದಾಗಿದ್ದರೂ 200ನೇ ಬೈಟನ್ನು ಕೇಳಿದರೆ ಸಿ ಭಾಷೆ ಬೇಡವೆನ್ನುವುದಿಲ್ಲ. ಸ್ಮೃತಿಯಲ್ಲಿ ಆ ಜಾಗದಲ್ಲಿ ಏನಿದೆಯೋ ಅದನ್ನು ಕೊಡುತ್ತದೆ, ಇಲ್ಲವೆ ಪ್ರೋಗ್ರಾಂ ಕುಸಿಯುತ್ತದೆ. ಓದುವ ಮೊದಲು ಉದ್ದವನ್ನು ಪರೀಕ್ಷಿಸುವ ಹೊಣೆ ಪೂರ್ತಿಯಾಗಿ ಡಿಸೆಕ್ಟರ್ ಬರೆದವರದಾಗಿತ್ತು. ನೂರು ಕಡೆ ಪರೀಕ್ಷಿಸಬೇಕಾದಾಗ ತೊಂಬತ್ತೊಂಬತ್ತು ಕಡೆ ಪರೀಕ್ಷಿಸಿ ಒಂದು ಕಡೆ ಮರೆತರೂ ಸಾಕು.

ಎರಡನೆಯದು, ಕಳೆಯುವ ಲೆಕ್ಕದ ತಪ್ಪು. ಯುಡಿಪಿಯ ಉದ್ದದಲ್ಲಿ ಶೀರ್ಷಿಕೆಯ 8 ಬೈಟುಗಳೂ ಸೇರಿರುತ್ತವೆ. ಆದ್ದರಿಂದ ಒಳಗಿನ ದತ್ತಾಂಶದ ಉದ್ದ ಬೇಕಾದರೆ 8ನ್ನು ಕಳೆಯಬೇಕು. ಪ್ಯಾಕೆಟ್ ತನ್ನ ಉದ್ದ 4 ಎಂದು ಸುಳ್ಳು ಹೇಳಿದರೆ? ಕಾಗದದ ಮೇಲೆ ಉತ್ತರ -4. ಆದರೆ ಉತ್ತರವನ್ನು ಚಿಹ್ನೆಯಿಲ್ಲದ 32 ಬಿಟ್‌ಗಳ ಚರದಲ್ಲಿಟ್ಟರೆ ಅದು 4,29,49,67,292 ಆಗುತ್ತದೆ. ಅಷ್ಟು ಬೈಟುಗಳನ್ನು ನಕಲು ಮಾಡಲು ಹೊರಟರೆ ಏನಾಗುತ್ತದೆ ಎಂಬುದನ್ನು ನೀವೇ ಊಹಿಸಿ.

ಮೂರನೆಯದು, ಮುಗಿಯದ ಸುತ್ತು. ಅನೇಕ ಪ್ರೋಟೊಕಾಲ್‌ಗಳಲ್ಲಿ ಮಾಹಿತಿಯು ಬಗೆ, ಉದ್ದ, ಮೌಲ್ಯ ಎಂಬ ಸರಣಿಯಲ್ಲಿರುತ್ತದೆ. ಒಂದನ್ನು ಓದಿ, ಅದರ ಉದ್ದದಷ್ಟು ಮುಂದೆ ಸರಿದು, ಮುಂದಿನದನ್ನು ಓದಬೇಕು. ಉದ್ದ ಸೊನ್ನೆ ಎಂದಿದ್ದರೆ ಸರಿಯುವುದೇ ಇಲ್ಲ. ಪ್ರೋಗ್ರಾಂ ನಿಂತಲ್ಲೇ ಸುತ್ತುತ್ತದೆ.

ಡಿಎನ್‌ಎಸ್‌ನಲ್ಲಿ ಇದರ ಇನ್ನೊಂದು ಸೊಗಸಾದ ರೂಪವಿದೆ. ಅಲ್ಲಿ ಜಾಲತಾಣದ ಹೆಸರನ್ನು ತುಂಡು ತುಂಡಾಗಿ ಬರೆಯುತ್ತಾರೆ. ತುಂಡಿನಲ್ಲಿ 3 ಅಕ್ಷರವಿದ್ದರೆ ಮೊದಲು 3 ಎಂಬ ಬೈಟು, ಆಮೇಲೆ ಆ 3 ಅಕ್ಷರ, ಕೊನೆಯಲ್ಲಿ ಸೊನ್ನೆ. ಒಂದು ತುಂಡು 63 ಅಕ್ಷರಗಳನ್ನು ಮೀರುವಂತಿಲ್ಲ. ಒಂದೇ ಹೆಸರು ಮತ್ತೆ ಮತ್ತೆ ಬಂದರೆ ಜಾಗ ಉಳಿಸಲು ಒಂದು ಉಪಾಯವನ್ನು 1987ರ ಡಿಎನ್‌ಎಸ್ ನಿಯಮಾವಳಿ ಗೊತ್ತುಪಡಿಸಿದೆ. ಉದ್ದದ ಬೈಟಿನ ಮೊದಲ ಎರಡು ಬಿಟ್‌ಗಳು 1 ಆಗಿದ್ದರೆ, ಅಂದರೆ ಬೈಟಿನ ಬೆಲೆ 192 ಅಥವಾ ಹೆಚ್ಚಾಗಿದ್ದರೆ, ಉಳಿದ 14 ಬಿಟ್‌ಗಳು ಹೆಸರಿನ ಮುಂದಿನ ಭಾಗ ಸಂದೇಶದ ಎಷ್ಟನೇ ಬೈಟಿನಲ್ಲಿದೆ ಎಂದು ತೋರಿಸುತ್ತವೆ. ಡಿಎನ್‌ಎಸ್ ಶೀರ್ಷಿಕೆ 12 ಬೈಟುಗಳದ್ದಾದ್ದರಿಂದ, ಸೊನ್ನೆಯಿಂದ ಎಣಿಸಿದರೆ ಮೊದಲ ಹೆಸರು 12ನೇ ಸ್ಥಾನದಲ್ಲಿ ಆರಂಭವಾಗುತ್ತದೆ. ಹಾಗಾಗಿ 192, 12 ಎಂಬ ಎರಡು ಬೈಟುಗಳು ಮೊದಲ ಹೆಸರಿನತ್ತ ಬೆರಳು ಮಾಡುತ್ತವೆ. ಈಗ ಯಾರಾದರೂ 12ನೇ ಸ್ಥಾನದಲ್ಲಿಯೇ 192, 12 ಎಂದು ಬರೆದು ಕಳುಹಿಸಿದರೆ? ಆ ಹೆಸರು ತನ್ನನ್ನೇ ತೋರಿಸುತ್ತದೆ. ಎಚ್ಚರವಿಲ್ಲದ ಪ್ರೋಗ್ರಾಂ ಕೊನೆಯಿಲ್ಲದೆ ಅಲ್ಲೇ ಸುತ್ತುತ್ತದೆ. ಇಲ್ಲಿ ಪ್ಯಾಕೆಟ್ಟಿನ ಎಲ್ಲ ಬೈಟುಗಳೂ ಇವೆ, ಯಾವ ಎಲ್ಲೆಯನ್ನೂ ಮೀರಿಲ್ಲ. ಆದರೂ ತೊಂದರೆ ತಪ್ಪಲಿಲ್ಲ.

ಮೊದಲ ಶುಚಿ: ಕಾವಲಿಗೆ ಒಂದೇ ಬಾಗಿಲು

ಈಥೀರಿಯಲ್‌ಗೆ ಮೊದಲ ದಿನಗಳಿಂದ ದುಡಿದವರಲ್ಲಿ ಒಬ್ಬರಾದ ಗಿಲ್ಬರ್ಟ್ ರಾಮಿರೆಜ್ 2000ದಲ್ಲಿ ಟಿವಿಬಫ್ ಎಂಬ ರಚನೆಯನ್ನು ತಂದರು. ಡಿಸೆಕ್ಟರ್‌ಗೆ ಬರಿಯ ಪಾಯಿಂಟರ್ ಕೊಡುವ ಬದಲು ಈ ರಚನೆಯನ್ನು ಕೊಡಲಾಯಿತು. ಬೈಟು ಬೇಕಾದರೆ ಇದರ ಫಂಕ್ಷನ್‌ಗಳನ್ನು ಕರೆದೇ ಪಡೆಯಬೇಕು: ಇಂಥ ಸ್ಥಾನದ ಒಂದು ಬೈಟು ಕೊಡು, ಇಂಥ ಸ್ಥಾನದ ಎರಡು ಬೈಟುಗಳ ಸಂಖ್ಯೆ ಕೊಡು ಎಂದು. ಪ್ರತಿಯೊಂದು ಕರೆಯಲ್ಲೂ ಎಲ್ಲೆಯ ತಪಾಸಣೆ ತಾನಾಗಿ ನಡೆಯುತ್ತದೆ. ಎಲ್ಲೆ ಮೀರಿದರೆ ಫಂಕ್ಷನ್ ಮರಳುವುದೇ ಇಲ್ಲ. ಸಿ ಭಾಷೆಯ ಸೆಟ್‌ಜಂಪ್, ಲಾಂಗ್‌ಜಂಪ್ ಎಂಬ ಸೌಲಭ್ಯವನ್ನು ಬಳಸಿ, ಡಿಸೆಕ್ಟರನ್ನು ಅಲ್ಲಿಗೇ ಕೈಬಿಟ್ಟು ಅದನ್ನು ಕರೆದವರ ಬಳಿಗೆ ನೇರವಾಗಿ ನೆಗೆಯುತ್ತದೆ. ಅಲ್ಲಿಯವರೆಗೆ ಬಿಡಿಸಿದುದು ಪರದೆಯ ಮೇಲೆ ಉಳಿಯುತ್ತದೆ, ಪ್ಯಾಕೆಟ್ ಕೆಟ್ಟಿದೆ ಎಂಬ ಸೂಚನೆ ಮೂಡುತ್ತದೆ, ಪ್ರೋಗ್ರಾಂ ಮುಂದಿನ ಪ್ಯಾಕೆಟ್ಟಿಗೆ ಹೋಗುತ್ತದೆ.

ಈ ರಚನೆಯಲ್ಲಿ ಭೌತವಿಜ್ಞಾನದ ವಿದ್ಯಾರ್ಥಿಗಳು ಮೆಚ್ಚಬೇಕಾದ ಒಂದು ಸೂಕ್ಷ್ಮವಿದೆ. ಪ್ಯಾಕೆಟ್ಟುಗಳನ್ನು ಹಿಡಿಯುವಾಗ ಡಿಸ್ಕ್ ಜಾಗ ಉಳಿಸಲು ಪ್ರತಿಯೊಂದರ ಮೊದಲ ಕೆಲವು ಬೈಟುಗಳನ್ನು ಮಾತ್ರ ಇಟ್ಟುಕೊಳ್ಳುವ ರೂಢಿಯುಂಟು. ಆದ್ದರಿಂದ ಒಂದು ಬೈಟು ಸಿಗದಿದ್ದರೆ ಅದಕ್ಕೆ ಎರಡು ಬೇರೆ ಕಾರಣಗಳಿರಬಹುದು. ಪ್ಯಾಕೆಟ್ ಸರಿಯಾಗಿಯೇ ಇತ್ತು, ನಾವು ಅದನ್ನು ಪೂರ್ತಿ ಹಿಡಿಯಲಿಲ್ಲ ಎಂಬುದು ಒಂದು. ಪೂರ್ತಿ ಹಿಡಿದಿದ್ದೇವೆ, ಪ್ಯಾಕೆಟ್ಟೇ ತಪ್ಪಾಗಿದೆ ಎಂಬುದು ಇನ್ನೊಂದು. ಮೊದಲನೆಯದು ಅಳತೆಯ ಮಿತಿ. ಎರಡನೆಯದು ಅಳೆಯಲ್ಪಟ್ಟ ವಸ್ತುವಿನ ಗುಣ. ಟಿವಿಬಫ್ ಹಿಡಿದ ಉದ್ದ, ನಿಜವಾದ ಉದ್ದ ಎರಡನ್ನೂ ನೆನಪಿಟ್ಟುಕೊಂಡು ಎರಡು ಬೇರೆ ಸೂಚನೆಗಳನ್ನು ಕೊಡುತ್ತದೆ. ವರ್ನಿಯರ್ ಮಾಪಕದ ಶೂನ್ಯ ದೋಷವನ್ನು ವಸ್ತುವಿನ ದಪ್ಪವೆಂದು ಬರೆದುಕೊಳ್ಳಬೇಡಿ ಎಂದು ಪ್ರಯೋಗಾಲಯದಲ್ಲಿ ನಾವು ಹೇಳುವ ಮಾತೇ ಇಲ್ಲಿ ಕೋಡ್ ಆಗಿದೆ.

ಇದೇ ಬದಲಾವಣೆಯಿಂದ ಇನ್ನೆರಡು ತೊಡಕುಗಳು ಬಗೆಹರಿದವು. ಜಾಲದಲ್ಲಿ ಸಂಖ್ಯೆಗಳನ್ನು ದೊಡ್ಡ ಸ್ಥಾನದ ಬೈಟು ಮೊದಲು ಬರುವಂತೆ ಬರೆಯುತ್ತಾರೆ. ಇಂಟೆಲ್ ಸಂಸ್ಕಾರಕಗಳು ಚಿಕ್ಕ ಸ್ಥಾನದ ಬೈಟನ್ನು ಮೊದಲು ಇಡುತ್ತವೆ. ಪೋರ್ಟ್ 53 ಜಾಲದಲ್ಲಿ 0, 53 ಎಂದು ಬರುತ್ತದೆ. ಇಂಟೆಲ್ ಯಂತ್ರ ಅದನ್ನು ನೇರವಾಗಿ ಓದಿದರೆ 53ನ್ನು 256ರಿಂದ ಗುಣಿಸಿದ ಬೆಲೆ, ಅಂದರೆ 13,568 ಸಿಗುತ್ತದೆ. ಎರಡನೆಯದು ಸ್ಮೃತಿಯ ಜೋಡಣೆ. ಈಥರ್‌ನೆಟ್ ಶೀರ್ಷಿಕೆ 14 ಬೈಟುಗಳದ್ದಾದ್ದರಿಂದ ಐಪಿಯ 4 ಬೈಟುಗಳ ಮೂಲ ವಿಳಾಸ 26ನೇ ಸ್ಥಾನದಲ್ಲಿ ಬೀಳುತ್ತದೆ. 26ನ್ನು 4 ಭಾಗಿಸುವುದಿಲ್ಲ. ಸ್ಪಾರ್ಕ್‌ನಂಥ ಸಂಸ್ಕಾರಕಗಳಲ್ಲಿ ಹೀಗೆ ಹೊಂದದ ವಿಳಾಸದಿಂದ 4 ಬೈಟುಗಳನ್ನು ಒಮ್ಮೆಗೇ ಓದಿದರೆ ಪ್ರೋಗ್ರಾಂ ನಿಂತುಹೋಗುತ್ತದೆ. ಟಿವಿಬಫ್‌ನ ಫಂಕ್ಷನ್‌ಗಳು ಬೈಟುಗಳನ್ನು ಸುರಕ್ಷಿತವಾಗಿ ಎತ್ತಿಕೊಂಡು, ಕ್ರಮ ಸರಿಪಡಿಸಿ, ಸಂಖ್ಯೆಯನ್ನು ಕೊಡುತ್ತವೆ.

ಆದರೆ ಡಿಎನ್‌ಎಸ್‌ನ ಸುತ್ತು? ಎಲ್ಲೆಯ ತಪಾಸಣೆಯಿಂದ ಅದು ನಿಲ್ಲುವುದಿಲ್ಲ. ಅದಕ್ಕೆ ಬೇರೆ ವಾದ ಬೇಕು. ಪ್ರತಿ ಸುತ್ತಿನಲ್ಲೂ ಕಡಿಮೆಯಾಗುತ್ತಲೇ ಹೋಗುವ, ಸೊನ್ನೆಗಿಂತ ಕೆಳಗಿಳಿಯದ ಒಂದು ಪೂರ್ಣಾಂಕವನ್ನು ತೋರಿಸಿದರೆ ಸುತ್ತು ಮುಗಿಯಲೇಬೇಕು. ಈವರೆಗೆ ಓದಿದ ಬೈಟುಗಳ ಎಣಿಕೆ ಸಂದೇಶದ ಒಟ್ಟು ಉದ್ದವನ್ನು ಮೀರಿದರೆ ಇದು ಸುತ್ತು ಹಾಕುತ್ತಿದೆ ಎಂದು ತೀರ್ಮಾನಿಸಿ ನಿಲ್ಲಿಸುವುದು ಒಂದು ದಾರಿ. ಇದಲ್ಲದೆ, ಒಂದು ಪ್ಯಾಕೆಟ್ಟಿನ ವಿವರಣೆಯಲ್ಲಿ 10 ಲಕ್ಷಕ್ಕಿಂತ ಹೆಚ್ಚು ಅಂಶಗಳು ಸೇರತೊಡಗಿದರೆ ವೈರ್‌ಶಾರ್ಕ್ ಆ ಡಿಸೆಕ್ಟರನ್ನೇ ನಿಲ್ಲಿಸುತ್ತದೆ. ಡಿಸೆಕ್ಟರ್ ಬರೆದವರು ಮರೆತಿದ್ದರೂ ಈ ಕೊನೆಯ ತಡೆ ಇರುತ್ತದೆ.

ಎರಡನೆಯ ಶುಚಿ: ಸ್ಮೃತಿಗೆ ಆಯುಸ್ಸು

ಒಂದು ಪರಿಹಾರ ಇನ್ನೊಂದು ಸಮಸ್ಯೆಯನ್ನು ಹುಟ್ಟಿಸುವುದುಂಟು. ಸಿ ಭಾಷೆಯಲ್ಲಿ ಮ್ಯಾಲಾಕ್ ಎಂಬ ಫಂಕ್ಷನ್‌ನಿಂದ ಸ್ಮೃತಿಯನ್ನು ಪಡೆದರೆ ಕೆಲಸ ಮುಗಿದ ಮೇಲೆ ಫ್ರೀ ಎಂಬ ಫಂಕ್ಷನ್‌ನಿಂದ ಹಿಂದಿರುಗಿಸಬೇಕು. ಡಿಸೆಕ್ಟರ್ ಸ್ಮೃತಿ ಪಡೆದು ಅರ್ಧ ಕೆಲಸ ಮಾಡಿದಾಗ ಎಲ್ಲೆ ಮೀರಿದ ಬೈಟನ್ನು ಕೇಳಿತು ಎಂದಿಟ್ಟುಕೊಳ್ಳಿ. ಕೂಡಲೇ ನೆಗೆತ ನಡೆಯುತ್ತದೆ; ಹಿಂದಿರುಗಿಸುವ ಸಾಲನ್ನು ಪ್ರೋಗ್ರಾಂ ತಲುಪುವುದೇ ಇಲ್ಲ. ಆ ಸ್ಮೃತಿ ಕಳೆದುಹೋದಂತೆ. ಹತ್ತು ಲಕ್ಷ ಪ್ಯಾಕೆಟ್ಟುಗಳ ಕಡತದಲ್ಲಿ ಹೀಗೆ ಹನಿ ಹನಿಯಾಗಿ ಸೋರಿದರೆ ಯಂತ್ರದ ಸ್ಮೃತಿಯೇ ತುಂಬಿಹೋಗುತ್ತದೆ.

ಇದಕ್ಕೆ ಕಂಡುಕೊಂಡ ಉತ್ತರ ಸ್ಮೃತಿಯ ಕೊಳಗಳು. ಸ್ಮೃತಿಯನ್ನು ಕೇಳುವಾಗಲೇ ಅದು ಎಷ್ಟು ಕಾಲ ಬದುಕಬೇಕು ಎಂದು ಹೇಳಬೇಕು. ಒಂದು ಪ್ಯಾಕೆಟ್ ಬಿಡಿಸುವವರೆಗೆ ಮಾತ್ರ ಬೇಕೇ, ತೆರೆದ ಕಡತ ಮುಚ್ಚುವವರೆಗೆ ಬೇಕೇ, ಅಥವಾ ಪ್ರೋಗ್ರಾಂ ಮುಗಿಯುವವರೆಗೆ ಬೇಕೇ? ಪ್ಯಾಕೆಟ್ ಮುಗಿದೊಡನೆ ಪ್ಯಾಕೆಟ್ ಕೊಳವನ್ನು ಒಮ್ಮೆಗೇ ಬರಿದು ಮಾಡಲಾಗುತ್ತದೆ. ಡಿಸೆಕ್ಟರ್ ಸರಿಯಾಗಿ ಮುಗಿದರೂ ನಡುವೆ ನೆಗೆದರೂ ಫಲ ಒಂದೇ. ಮೊದಲು ಈಮೆಮ್ ಎಂಬ ರಚನೆ ಈ ಕೆಲಸ ಮಾಡುತ್ತಿತ್ತು. 2013ರ ಸುಮಾರಿಗೆ ಅದರ ಜಾಗಕ್ಕೆ ಡಬ್ಲ್ಯುಮೆಮ್ ಬರತೊಡಗಿತು. ಹೊಸತರ ಮುಖ್ಯ ಗುಣ, ಕೊಳ ಯಾವುದೆಂದು ಕರೆಯುವಾಗ ಸ್ಪಷ್ಟವಾಗಿ ಹೇಳಬೇಕಾಗಿರುವುದು. ಇದರ ಮುಂದಿನ ಹೆಜ್ಜೆಯಾಗಿ, ಎಲ್ಲಿಂದ ಬೇಕಾದರೂ ಕರೆಯಬಹುದಾಗಿದ್ದ ಸಾರ್ವತ್ರಿಕ ಪ್ಯಾಕೆಟ್ ಕೊಳವನ್ನು ಬಿಟ್ಟು, ಪ್ಯಾಕೆಟ್ಟಿನ ಮಾಹಿತಿಯ ಜೊತೆಗೇ ಅದರ ಕೊಳವನ್ನೂ ಡಿಸೆಕ್ಟರ್‌ಗೆ ಕೊಡುವ ಕ್ರಮಕ್ಕೆ ಕೋಡನ್ನು ಬದಲಿಸುತ್ತಾ ಬರಲಾಗಿದೆ. ಪ್ಯಾಕೆಟ್ ಇಲ್ಲದ ಜಾಗದಲ್ಲಿ ಪ್ಯಾಕೆಟ್ ಕೊಳವನ್ನು ಬಳಸುವ ತಪ್ಪು ಆಗ ತಾನಾಗಿಯೇ ತಪ್ಪುತ್ತದೆ.

ಮೂರನೆಯ ಶುಚಿ: ಹಳೆಯ ಹೆಸರುಗಳು

ವೈರ್‌ಶಾರ್ಕ್‌ನ ಹಳೆಯ ಕೋಡ್ ತೆರೆದರೆ ಸಂಖ್ಯೆಗಳ ಬಗೆಗಳಿಗೆ ಜಿ ಅಕ್ಷರದಿಂದ ಆರಂಭವಾಗುವ ಹೆಸರುಗಳು ಕಾಣುತ್ತವೆ: ಜಿಯುಇಂಟ್8, ಜಿಯುಇಂಟ್32, ಜಿಬೂಲಿಯನ್ ಇತ್ಯಾದಿ. ಇವು ಜಿಲಿಬ್ ಎಂಬ ಗ್ರಂಥಾಲಯದವು. ಇವೇಕೆ ಬೇಕಾದವು? ಸಿ ಭಾಷೆಯಲ್ಲಿ ಇಂಟ್, ಲಾಂಗ್ ಎಂಬ ಬಗೆಗಳ ಅಳತೆ ಯಂತ್ರದಿಂದ ಯಂತ್ರಕ್ಕೆ ಬದಲಾಗುತ್ತದೆ. 64 ಬಿಟ್‌ಗಳ ಲಿನಕ್ಸ್‌ನಲ್ಲಿ ಲಾಂಗ್ ಎಂದರೆ 64 ಬಿಟ್; 64 ಬಿಟ್‌ಗಳ ವಿಂಡೋಸ್‌ನಲ್ಲಿ 32 ಬಿಟ್. ಪ್ಯಾಕೆಟ್ಟಿನ 32 ಬಿಟ್‌ಗಳ ಸಂಖ್ಯೆಗೆ ಎಲ್ಲ ಕಡೆಯೂ 32 ಬಿಟ್‌ಗಳೇ ಇರುವ ಬಗೆ ಬೇಕು. ಈಥೀರಿಯಲ್ ಹುಟ್ಟಿದ 1998ರಲ್ಲಿ ಸಿ ಭಾಷೆಯ ಮಾನಕದಲ್ಲಿ ಅಂಥ ಬಗೆಗಳಿರಲಿಲ್ಲ; ಅವು ಬಂದದ್ದು 1999ರ ಮಾನಕದಲ್ಲಿ. ಆ ಮಾನಕ ಎಲ್ಲ ಕಂಪೈಲರ್‌ಗಳಿಗೂ ತಲುಪಲು ಇನ್ನೂ ಹಲವು ವರ್ಷ ಬೇಕಾಯಿತು. ಆದ್ದರಿಂದ ಆ ಹೆಸರುಗಳು ಒಂದು ಬಗೆಯ ಪಳೆಯುಳಿಕೆಗಳು. 2024ರಲ್ಲಿ ಅವುಗಳನ್ನು ತೆಗೆದು ಮಾನಕದ ಹೆಸರುಗಳನ್ನು ಹಾಕುವ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆಯಿತು.

ಇದರಿಂದ ಪ್ರೋಗ್ರಾಮಿನ ವೇಗ ಹೆಚ್ಚಲಿಲ್ಲ, ಹೊಸ ಸೌಲಭ್ಯ ಬರಲಿಲ್ಲ. ಹಾಗಾದರೆ ಲಾಭವೇನು? ಕಾಲೇಜಿನಲ್ಲಿ ಸಿ ಕಲಿತ ವಿದ್ಯಾರ್ಥಿ ಈ ಕೋಡನ್ನು ತೆರೆದಾಗ ತಾನು ಕಲಿತ ಭಾಷೆಯನ್ನೇ ಕಾಣುತ್ತಾನೆ. ಓದಲು ಸುಲಭವಾದ ಕೋಡಿನಲ್ಲಿ ದೋಷ ಕಣ್ಣಿಗೆ ಬೀಳುವುದೂ ಸುಲಭ.

ಇದೇ ರೀತಿ, ಅಳತೆ ನೋಡದೆ ನಕಲು ಮಾಡುವ ಸ್ಟ್ರ್‌ಕಾಪಿ, ಸ್ಪ್ರಿಂಟ್‌ಎಫ್ ಮುಂತಾದ ಫಂಕ್ಷನ್‌ಗಳನ್ನು ಡಿಸೆಕ್ಟರ್‌ಗಳಲ್ಲಿ ಬಳಸಬಾರದು ಎಂದು ನಿಷೇಧಿಸಲಾಯಿತು. ನಿಷೇಧ ಬರಿಯ ಮಾತಾಗಿ ಉಳಿಯದಂತೆ, ಆಕರ ಕೋಡನ್ನು ಹುಡುಕಿ ಅಂಥ ಕರೆಗಳನ್ನು ತೋರಿಸುವ ಸ್ಕ್ರಿಪ್ಟನ್ನು ಬರೆದು ಕೋಡಿನ ಜೊತೆಗೇ ಇಡಲಾಯಿತು.

ಕೆಡಿಸಿ ನೋಡುವ ಪರೀಕ್ಷೆ

ಶುಚಿಗೊಂಡ ಕೋಡ್ ನಿಜವಾಗಿಯೂ ಗಟ್ಟಿಯಾಗಿದೆಯೇ ಎಂದು ತಿಳಿಯುವುದು ಹೇಗೆ? ಇದರ ಉತ್ತರ ಒಂದು ತರಗತಿಯ ಕೋಣೆಯಿಂದ ಬಂದಿತು ಎಂಬುದು ಅಧ್ಯಾಪಕರಿಗೆ ಸಂತೋಷ ಕೊಡುವ ಸಂಗತಿ. ಅಮೆರಿಕದ ವಿಸ್ಕಾನ್‌ಸಿನ್ ವಿಶ್ವವಿದ್ಯಾಲಯದ ಬಾರ್ಟನ್ ಮಿಲ್ಲರ್ 1988ರಲ್ಲಿ ಬಿರುಗಾಳಿಯ ಒಂದು ರಾತ್ರಿ ದೂರವಾಣಿ ತಂತಿಯ ಮೂಲಕ ಗಣಕವನ್ನು ಬಳಸುತ್ತಿದ್ದರು. ತಂತಿಯ ಗದ್ದಲದಿಂದ ಅವರ ಆದೇಶಗಳಲ್ಲಿ ಕಸದ ಅಕ್ಷರಗಳು ಸೇರುತ್ತಿದ್ದವು. ಅದರಿಂದ ಪ್ರೋಗ್ರಾಂಗಳು ಕುಸಿಯುತ್ತಿದ್ದುದು ಅವರಿಗೆ ಅಚ್ಚರಿ ತಂದಿತು. ಅದನ್ನೇ ಅವರು ವಿದ್ಯಾರ್ಥಿಗಳಿಗೆ ಪ್ರಾಜೆಕ್ಟ್ ಆಗಿ ಕೊಟ್ಟರು: ಯುನಿಕ್ಸ್‌ನ ಪ್ರೋಗ್ರಾಂಗಳಿಗೆ ಯಾದೃಚ್ಛಿಕ ಅಕ್ಷರಗಳನ್ನು ಕೊಟ್ಟು ನೋಡಿ. 1990ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಪರೀಕ್ಷಿಸಿದ ಪ್ರೋಗ್ರಾಂಗಳಲ್ಲಿ ನಾಲ್ಕನೇ ಒಂದರಿಂದ ಮೂರನೇ ಒಂದು ಭಾಗದವರೆಗೆ ಕುಸಿದಿದ್ದವು. ಈ ವಿಧಾನಕ್ಕೆ ಫಜ್ ಪರೀಕ್ಷೆ ಎಂಬ ಹೆಸರು ನಿಂತಿತು.

ವೈರ್‌ಶಾರ್ಕ್ ತಂಡ ಇದನ್ನು ತನ್ನ ನಿತ್ಯದ ಅಭ್ಯಾಸವಾಗಿ ಮಾಡಿಕೊಂಡಿದೆ. ಸಂಗ್ರಹಿಸಿಟ್ಟ ನಿಜವಾದ ಪ್ಯಾಕೆಟ್ ಕಡತಗಳನ್ನು ತೆಗೆದುಕೊಂಡು, ಅಲ್ಲಲ್ಲಿ ಬೈಟುಗಳನ್ನು ಬೇಕೆಂದೇ ಕೆಡಿಸಿ, ಆ ಕಡತಗಳನ್ನು ಪ್ರೋಗ್ರಾಮಿಗೆ ಉಣಿಸಲಾಗುತ್ತದೆ. ಪೂರ್ತಿ ಯಾದೃಚ್ಛಿಕ ಬೈಟುಗಳಿಗಿಂತ ಇದು ಮೇಲು, ಏಕೆಂದರೆ ಬಹುಪಾಲು ಸರಿಯಿರುವ ಪ್ಯಾಕೆಟ್ ಮಾತ್ರ ಒಳಪದರಗಳವರೆಗೆ ಇಳಿಯುತ್ತದೆ. ಇದರ ಜೊತೆಗೆ ವಿಳಾಸ ಪರೀಕ್ಷಕ ಸೌಲಭ್ಯವಿರುವ ಕಂಪೈಲರ್ ಬಳಸಿದರೆ, ಒಂದೇ ಒಂದು ಬೈಟು ಎಲ್ಲೆ ಮೀರಿ ಓದಿದರೂ ಯಾವ ಸಾಲಿನಲ್ಲಿ ಎಂದು ತಿಳಿಯುತ್ತದೆ. ದೋಷ ತೋರಿಸಿದ ಕಡತವನ್ನು ಎಸೆಯುವುದಿಲ್ಲ. ಮುಂದೆ ಅದೇ ದೋಷ ಮರುಕಳಿಸದಂತೆ ನೋಡಲು ಅದು ಬೇಕು.

ಇಷ್ಟಾದರೂ ದೋಷ ಉಳಿಯಬಹುದು ಎಂದು ಒಪ್ಪಿಕೊಳ್ಳುವುದೂ ವಿವೇಕವೇ. ಓಪನ್‌ಬಿಎಸ್‌ಡಿ ಕಾರ್ಯವ್ಯವಸ್ಥೆಯವರು 2004ರಲ್ಲಿ ಈಥೀರಿಯಲನ್ನು ತಮ್ಮ ತಂತ್ರಾಂಶಗಳ ಸಂಗ್ರಹದಿಂದ ತೆಗೆದುಹಾಕಿದ್ದರು. ಪದೇ ಪದೇ ಕಾಣಿಸಿಕೊಳ್ಳುತ್ತಿದ್ದ ಸುರಕ್ಷತಾ ದೋಷಗಳೇ ಅದಕ್ಕೆ ಕಾರಣ. ಮುಂದೆ ವೈರ್‌ಶಾರ್ಕ್ ಕೆಲಸವನ್ನು ಎರಡಾಗಿ ಸೀಳಿತು. ಜಾಲದಿಂದ ಪ್ಯಾಕೆಟ್ ಹಿಡಿಯಲು ಗಣಕದ ವಿಶೇಷ ಅಧಿಕಾರ ಬೇಕು. ಆ ಅಧಿಕಾರವನ್ನು ಡಂಪ್‌ಕ್ಯಾಪ್ ಎಂಬ ಚಿಕ್ಕ ಪ್ರೋಗ್ರಾಮಿಗೆ ಮಾತ್ರ ಕೊಡಲಾಯಿತು. ಪ್ಯಾಕೆಟ್ ಬಿಡಿಸುವ ಹತ್ತಾರು ಲಕ್ಷ ಸಾಲುಗಳ ಕೋಡ್ ಸಾಮಾನ್ಯ ಬಳಕೆದಾರನ ಅಧಿಕಾರದಲ್ಲಿ ಓಡುತ್ತದೆ. ಹಾಗಾಗಿ ಅಲ್ಲಿ ದೋಷವಿದ್ದರೂ ಹಾನಿಯ ವ್ಯಾಪ್ತಿ ಕಿರಿದಾಗುತ್ತದೆ.

ಶುಚಿಗೊಳಿಸುವವನಿಗೆ ಎಚ್ಚರಿಕೆ

ಕಸವೆಂದು ತೋರಿದ್ದೆಲ್ಲ ಕಸವಲ್ಲ. ಇದಕ್ಕೆ ಬೇರೆ ತಂತ್ರಾಂಶದ ಒಂದು ಕಥೆಯೇ ಸಾಕ್ಷಿ. ಡೆಬಿಯನ್ ಲಿನಕ್ಸ್‌ನಲ್ಲಿ 2006ರಲ್ಲಿ ಓಪನ್‌ಎಸ್‌ಎಸ್‌ಎಲ್ ಎಂಬ ಗುಪ್ತಲಿಪಿ ತಂತ್ರಾಂಶವನ್ನು ತಿದ್ದಲಾಯಿತು. ಬೆಲೆ ತುಂಬದ ಸ್ಮೃತಿಯನ್ನು ಬಳಸುತ್ತಿದೆ ಎಂದು ತಪಾಸಣಾ ಸಾಧನವೊಂದು ದೂರುತ್ತಿದ್ದ ಸಾಲುಗಳನ್ನು ನಿಷ್ಕ್ರಿಯಗೊಳಿಸಿದರು. ಯಾದೃಚ್ಛಿಕ ಸಂಖ್ಯೆಗಳಿಗೆ ಬೇಕಾದ ಅನಿಶ್ಚಿತತೆಯನ್ನು ಬೆರೆಸುತ್ತಿದ್ದುದು ಅವುಗಳಲ್ಲೇ ಒಂದು ಸಾಲು. ಆಮೇಲೆ ಹುಟ್ಟಿದ ಗುಪ್ತ ಕೀಲಿಗಳು ಬದಲಾಗುತ್ತಿದ್ದುದು ಪ್ರಕ್ರಿಯೆಯ ಕ್ರಮಸಂಖ್ಯೆಯಿಂದ ಮಾತ್ರ. ಒಂದು ಬಗೆಯ ಯಂತ್ರದಲ್ಲಿ ಒಂದು ಉದ್ದದ ಕೀಲಿಗೆ ಸುಮಾರು 32,000 ಸಾಧ್ಯತೆಗಳಷ್ಟೇ ಉಳಿದವು. ಇದು ಬೆಳಕಿಗೆ ಬಂದದ್ದು 2008ರ ಮೇ ತಿಂಗಳಲ್ಲಿ. ಎಚ್ಚರಿಕೆಯ ಸಂದೇಶ ಮಾಯವಾಯಿತು, ಜೊತೆಗೆ ಸುರಕ್ಷತೆಯೂ ಮಾಯವಾಯಿತು.

ಆದ್ದರಿಂದ ಕೆಲವು ನಿಯಮಗಳನ್ನು ಪಾಲಿಸುವುದು ಒಳ್ಳೆಯದು. ಒಂದು ಸಲಕ್ಕೆ ಒಂದೇ ಬಗೆಯ ಬದಲಾವಣೆ ಮಾಡಿ. ಸಾಲುಗಳ ಜೋಡಣೆಯನ್ನೂ ತರ್ಕವನ್ನೂ ಒಟ್ಟಿಗೆ ತಿದ್ದಿದರೆ ಪರಿಶೀಲಿಸುವವರಿಗೆ ಯಾವುದು ಏನೆಂದು ತಿಳಿಯುವುದಿಲ್ಲ. ಬದಲಾವಣೆಗೆ ಮೊದಲು ಮಾದರಿ ಕಡತಗಳನ್ನು ಬಿಡಿಸಿ ಉತ್ತರವನ್ನು ಬರೆದಿಟ್ಟುಕೊಳ್ಳಿ. ಬದಲಾವಣೆಯ ನಂತರ ಮತ್ತೆ ಬಿಡಿಸಿ ಹೋಲಿಸಿ. ಹಳೆಯ ಫಂಕ್ಷನ್ ಮತ್ತು ಹೊಸ ಫಂಕ್ಷನ್ ಕೆಲಕಾಲ ಜೊತೆಯಾಗಿರಲಿ. ಒಂದೊಂದೇ ಕಡತವನ್ನು ಬದಲಿಸುತ್ತಾ, ಹಳೆಯದನ್ನು ಕರೆಯುವವರು ಯಾರೂ ಉಳಿಯದಾಗ ಅದನ್ನು ತೆಗೆಯಿರಿ. ಕಂಪೈಲರ್ ಎಚ್ಚರಿಸಿದಾಗ ಬಾಯಿ ಮುಚ್ಚಿಸುವ ಮೊದಲು ಅದು ಏಕೆ ಎಚ್ಚರಿಸಿತು ಎಂದು ಕೇಳಿ.

ನಿಮ್ಮ ಪ್ರಯೋಗಾಲಯದಲ್ಲಿ

ಇದನ್ನು ಓದಿ ಬಿಡುವುದಕ್ಕಿಂತ ಮಾಡಿ ನೋಡುವುದು ಲೇಸು. ನಿಮ್ಮ ಸ್ವಂತ ಗಣಕದಲ್ಲಿ ವೈರ್‌ಶಾರ್ಕ್ ಹಾಕಿಕೊಂಡು ಒಂದು ಜಾಲತಾಣ ತೆರೆದು ಡಿಎನ್‌ಎಸ್ ಪ್ಯಾಕೆಟ್ಟುಗಳನ್ನು ಹಿಡಿಯಿರಿ. ಬೇರೆಯವರ ಪ್ಯಾಕೆಟ್ಟುಗಳನ್ನು ಅವರ ಅನುಮತಿಯಿಲ್ಲದೆ ಹಿಡಿಯುವುದು ತಪ್ಪು ಎಂಬುದನ್ನು ವಿದ್ಯಾರ್ಥಿಗಳಿಗೆ ಮೊದಲೇ ಹೇಳಿ. ಆಮೇಲೆ ಡಿಎನ್‌ಎಸ್ ಹೆಸರನ್ನು ಬಿಡಿಸುವ ಐವತ್ತು ಸಾಲಿನ ಸಿ ಪ್ರೋಗ್ರಾಮನ್ನು ಅವರಿಂದ ಬರೆಸಿ. ಸರಿಯಾದ ಪ್ಯಾಕೆಟ್ಟಿನಲ್ಲಿ ಎಲ್ಲರ ಪ್ರೋಗ್ರಾಮೂ ಕೆಲಸ ಮಾಡುತ್ತದೆ. ಈಗ 12ನೇ ಸ್ಥಾನದಲ್ಲಿ 192, 12 ಎಂದು ಬರೆದ ಸಂದೇಶವನ್ನು ಕೊಡಿ. ಮುಂದೆ, ಅಕ್ಷರಗಳು ಮುಗಿಯುವ ಮೊದಲೇ ಕತ್ತರಿಸಿದ ಸಂದೇಶವನ್ನು ಕೊಡಿ. ಕೊನೆಗೆ, ವೈರ್‌ಶಾರ್ಕ್ ಜೊತೆಗೇ ಬರುವ ಎಡಿಟ್‌ಕ್ಯಾಪ್ ಎಂಬ ಸಾಧನದಿಂದ ಇಡೀ ಕಡತದ ನೂರರಲ್ಲಿ ಎರಡು ಬೈಟುಗಳನ್ನು ಕೆಡಿಸಿ ಕೊಡಿ.

ಎಷ್ಟು ಪ್ರೋಗ್ರಾಂಗಳು ನಿಂತುಳಿದವು ಎಂದು ಎಣಿಸಿ. ಬಿದ್ದ ಪ್ರತಿಯೊಂದರಲ್ಲೂ ಯಾವ ಸಾಲು ಪ್ಯಾಕೆಟ್ಟಿನ ಮಾತನ್ನು ಪರೀಕ್ಷಿಸದೆ ನಂಬಿತು ಎಂದು ಆ ವಿದ್ಯಾರ್ಥಿಯೇ ಕರಿಹಲಗೆಯ ಮೇಲೆ ಬರೆಯಲಿ. ಬೈಟನ್ನು ಪಡೆಯುವ ಕೆಲಸವನ್ನೆಲ್ಲ ಒಂದೇ ಫಂಕ್ಷನ್‌ಗೆ ತಂದು, ತಪಾಸಣೆಯನ್ನು ಅದರೊಳಗಿಟ್ಟು, ಅದೇ ಪರೀಕ್ಷೆಯನ್ನು ಮತ್ತೊಮ್ಮೆ ನಡೆಸಿ. ವೈರ್‌ಶಾರ್ಕ್ ಎರಡು ದಶಕಗಳಿಗೂ ಮೀರಿ ಸಾವಿರಾರು ಕಡತಗಳಲ್ಲಿ ಮಾಡುತ್ತಾ ಬಂದಿರುವುದನ್ನು ನಿಮ್ಮ ತರಗತಿ ಒಂದು ಮಧ್ಯಾಹ್ನದಲ್ಲಿ ಐವತ್ತು ಸಾಲಿನಲ್ಲಿ ಮಾಡಿ ನೋಡಿದಂತಾಗುತ್ತದೆ.